ಬಿಸಿಲೂರಲ್ಲೂ ವಿಟಮಿನ್ ಡಿ ಕೊರತೆ

ಮಾನ್ಯರೇ,

ಕಲಬುರಗಿಯಲ್ಲಿ ಬೇಸಿಗೆ ಬಂದರೆ 40 ಡಿಗ್ರಿ ದಾಟುತ್ತದೆ. ಇಂಥ ಊರಲ್ಲಿ ವಿಟಮಿನ್ ಡಿ ಕೊರತೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಬಿಸಿಲಿಗೆ ಹೆದರಿ ಹಗಲೆಲ್ಲ ಒಳಗೇ ಇರುತ್ತೇವೆ, ಅಲ್ವಾ? ಮೈಗೆ ನೇರ ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವ ಈ ವಿಟಮಿನ್, ಕಿಟಕಿ ಗಾಜಿನಿಂದ ಬರುವ ಬಿಸಿಲಿನಿಂದ ಸಿಗುವುದಿಲ್ಲ.

ನಮ್ಮ ಅಕ್ಕ ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿಯುತ್ತಿದ್ದರು. ಸೊಂಟ, ತೊಡೆ, ಮೊಣಕಾಲು ಎಲ್ಲ ನೋವು. ಹೋದಲ್ಲೆಲ್ಲ ‘ವಯಸ್ಸಾಯ್ತು’ ಎಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಕೊರತೆ ಗೊತ್ತಾಗಿದ್ದು. ಎಲ್ಲ ಕೀಲುನೋವಿಗೂ ಇದೇ ಕಾರಣವಲ್ಲ, ನಿಜ. ಆದರೆ ಸುಮ್ನೆ ವಯಸ್ಸಿನ ಮೇಲೆ ಹಾಕುವುದು ಅನ್ಯಾಯ.

ವೈದ್ಯರನ್ನು ಕೇಳದೆ 60,000 ಯೂನಿಟ್‌ನ ವಿಟಮಿನ್ ಡಿ ಗುಳಿಗೆ ನುಂಗುತ್ತಾ ಹೋಗುವುದೂ ಅಪಾಯ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಖಾಸಗಿ ಲ್ಯಾಬ್‌ನಲ್ಲಿ ಈ ಪರೀಕ್ಷೆ ಕೂಲಿಯವರ ಕೈಗೆ ಎಟಕುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಮಾಡಿಕೊಡಲಿ.

– ಒಬ್ಬ ಓದುಗ, ಕಲಬುರಗಿ