ಬೋರ್ಡ್ ಬದಲಾಯಿತು, ಡೆಲಿವರಿ ಲೆಕ್ಕವೂ ಬದಲಾಗುತ್ತಿದೆ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಅಂಗಡಿ ಮುಂದಿದ್ದ ‘ಇ-ಕಾಮರ್ಸ್ ಸೌಲಭ್ಯವಿದೆ’ ಎಂಬ ಬೋರ್ಡ್ ಇಳಿಸಿದ್ದೇವೆ. ಅದನ್ನು ನೋಡಿ ಹೋದ ವಾರ ಒಬ್ಬರು ತಾಯಿ ಮಂಡಕ್ಕಿ ಚೀಲಗಳ ಮಧ್ಯೆ ನಿಂತು, “ಪಿಯುಸಿ ಕಾಮರ್ಸ್‌ಗೆ ಟ್ಯೂಷನ್ ಫೀ ಎಷ್ಟ್ರೀ?” ಎಂದು ಕೇಳಿದರು. ತಪ್ಪು ಅವರದಲ್ಲ. ಈಗ ‘ವಾಟ್ಸಾಪ್‌ನಲ್ಲೂ ಆರ್ಡರ್ ತಗೋತೀವಿ’ ಎಂದು ಬರೆಸಿದ್ದೇವೆ.

ಆದರೆ ಹೆಸರು ಬದಲಾಯಿಸಿದ ಮಾತ್ರಕ್ಕೆ ಜವಾಬ್ದಾರಿ ತಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಡಿಜಿಟಲ್ ಅಥವಾ ಎಲೆಕ್ಟ್ರಾನಿಕ್ ಜಾಲದ ಮೂಲಕ ಸಾಮಾನು, ಸೇವೆ ಕೊಳ್ಳುವುದು, ಮಾರುವುದೇ ಇ-ಕಾಮರ್ಸ್. ದೊಡ್ಡ ಆ್ಯಪ್ ಇರಲೇಬೇಕೆಂದೇನಿಲ್ಲ. ನಮ್ಮ ಹುಡುಗ ಗಣಕದಲ್ಲಿ ಸ್ಟಾಕ್ ಬರೆಯುತ್ತಾನೆ, ಭಟ್ಟಿಯವರಿಗೆ ಮೆಸೇಜ್ ಹಾಕಿ ಮಂಡಕ್ಕಿ ತರಿಸುತ್ತಾನೆ. ಇದನ್ನೆಲ್ಲ ಸೇರಿಸಿ ಹೇಳುವ ಮಾತು ಇ-ಬಿಸಿನೆಸ್. 1997ರಲ್ಲಿ ಐಬಿಎಂ ಕಂಪನಿ ಜಾಹೀರಾತು ಮಾಡಿ ಆ ಪದವನ್ನು ಊರೂರಿಗೆ ಮುಟ್ಟಿಸಿತು. ನಮಗೆ ‘ಆನ್‌ಲೈನ್ ವ್ಯಾಪಾರ’ ಸಾಕು, ಅಲ್ವಾ?

ಇನ್ನು ದುಡ್ಡಿನ ಮಾತು. ಬರುವ ತಿಂಗಳ 1ರಿಂದ ಡೆಲಿವರಿ ಉಚಿತ ಇರುವುದಿಲ್ಲ. ಕಾರಣ ಮಂಡಕ್ಕಿಯೇ. ಕೊರಿಯರ್‌ನವರು ತೂಕ ಒಂದನ್ನೇ ನೋಡುವುದಿಲ್ಲ, ಜಾಗವನ್ನೂ ನೋಡುತ್ತಾರೆ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 40, 40, 30ರ ಡಬ್ಬಕ್ಕೆ ಬರುವುದು 9.6 ಕೆಜಿ, ದುಡ್ಡು ಅದಕ್ಕೇ. ಒಳಗಿರುವುದು ನಾಲ್ಕು ಕೆಜಿ ಮಂಡಕ್ಕಿ! ಉಳಿದದ್ದು ಗಾಳಿ. ಆ ಗಾಳಿಯ ಬಾಡಿಗೆಯನ್ನು ಇಷ್ಟು ದಿನ ನಾವೇ ಕಟ್ಟಿದೆವು, ಇನ್ನು ಆಗುವುದಿಲ್ಲ. ಸಾಗಣೆ ಖರ್ಚು ಎಷ್ಟೆಂದು ಮೊದಲೇ ಬೇರೆ ತೋರಿಸುತ್ತೇವೆ. ನೀವು ‘ಸರಿ’ ಎಂದ ಮೇಲೆಯೇ ಪ್ಯಾಕ್ ಮಾಡುವುದು. ಚಟ್ನಿಪುಡಿ, ಮಸಾಲೆ ಖಾರದಂಥ ಸಣ್ಣ ಪೊಟ್ಟಣಕ್ಕೆ ಈ ತಾಪತ್ರಯ ಅಷ್ಟಿಲ್ಲ.

ಮಳೆಗಾಲದಲ್ಲಿ ಮಂಡಕ್ಕಿ ಮೆತ್ತಗಾಗಿ ತಲುಪಿದರೆ ಸುಮ್ನೆ ನುಂಗಿಕೊಳ್ಳಬೇಡಿ, ಫೋಟೋ ಕಳಿಸಿ. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಅಷ್ಟು ದಿನ ನಾವು ಕಾಯಿಸುವುದಿಲ್ಲ. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ.

ಅಂಗಡಿಗೆ ಬಂದು ಒಯ್ಯುವವರಿಗೆ ರೇಟ್ ಹಳೆಯದೇ. ಚೀಲ ಮಾತ್ರ ಮನೆಯಿಂದ ತನ್ನಿ.

ಇಂತಿ ನಿಮ್ಮ,
ಮಂಡಕ್ಕಿ ಅಂಗಡಿಯವರು, ದಾವಣಗೆರೆ