ಕೋಚ್‌ಗಳ ಗಮನಕ್ಕೆ: ಬರೀ ಸ್ಕೋರ್ ಕಳಿಸಬೇಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಬಾಸ್ಕೆಟ್‌ಬಾಲ್ ಪಂದ್ಯದಿಂದ ಸ್ಕೋರ್ ಜೊತೆಗೆ ಪ್ರತಿ ಶಾಟ್ ಎಲ್ಲಿಂದ ಹೊಡೆದದ್ದು, ಬುಟ್ಟಿಗೆ ಬಿತ್ತೋ ಇಲ್ಲವೋ ಎಂದೂ ಬರೆದು ಕಳಿಸಿ. ಕಾಗದದಲ್ಲಿ ಬರೆದರೂ ಸಾಕು.

ಯಾಕೆ ಅಂತ ಹೇಳ್ತೀನಿ. ಮೂರು ಪಾಯಿಂಟ್ ಗೆರೆಯ ಹೊರಗಿನಿಂದ ಹೊಡೆದ 100 ಶಾಟ್‌ಗಳಲ್ಲಿ 35 ಬಿದ್ದರೆ 105 ಪಾಯಿಂಟ್. ಗೆರೆಯಿಂದ ಒಂದು ಹೆಜ್ಜೆ ಒಳಗೆ ನಿಂತು ಹೊಡೆದರೆ ಒಂದಕ್ಕೆ ಎರಡೇ ಪಾಯಿಂಟ್, 100ರಲ್ಲಿ 40 ಬಿದ್ದರೂ ಸಿಗುವುದು 80 ಮಾತ್ರ. ನೋಡುವವರಿಗೆ ಎರಡನೆಯದೇ ಚೆನ್ನಾಗಿ ಕಾಣುತ್ತದೆ, ಅಲ್ವಾ? ಈ ಸುಲಭ ಲೆಕ್ಕವೇ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳ ಆಟದ ರೀತಿಯನ್ನು ಬದಲಿಸಿತು.

ಇನ್ನೊಂದು ಉದಾಹರಣೆ: ಅಮೆರಿಕದ ಬೇಸ್‌ಬಾಲ್‌ನ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ಹತ್ತಿರ ದುಡ್ಡು ಕಡಿಮೆ ಇತ್ತು. ಆಟಗಾರರನ್ನು ಆರಿಸುವಾಗ ಅವರು ಹೆಸರು ನೋಡಲಿಲ್ಲ, ಯಾರು ಜಾಸ್ತಿ ಸಲ ಬೇಸ್ (ರನ್ ಗಳಿಸಲು ಓಡಿ ಮುಟ್ಟಬೇಕಾದ ಜಾಗ) ತಲುಪುತ್ತಾರೆ ಎಂದು ನೋಡಿದರು. 2002ರಲ್ಲಿ ಸತತ 20 ಪಂದ್ಯ ಗೆದ್ದರು, ಲೀಗ್‌ನಲ್ಲಿ ಒಟ್ಟು 103. ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತರು. ಐದು ಪಂದ್ಯಗಳ ಸರಣಿಯಲ್ಲಿ ಅದೃಷ್ಟದ ಪಾಲು ದೊಡ್ಡದು. ಹಾಗಾಗಿ ಎರಡು ಪಂದ್ಯ ಕೆಟ್ಟಿತು ಅಂತ ಆಟಗಾರರನ್ನು ಸುಮ್ನೆ ಹೊರಗಿಡಬೇಡಿ. ಇದು ನನ್ನ ಕಳಕಳಿಯ ವಿನಂತಿ.

ಇನ್ನೊಂದು ಮಾತು. ಅಂಕಿಗಳನ್ನು ಎಲ್ಲರ ಮುಂದೆ ಓದಿ ಯಾರನ್ನೂ ಕುಗ್ಗಿಸಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. "ಎಡಗಡೆಯಿಂದ ನಿನ್ನ ಶಾಟ್ ಚೆನ್ನಾಗಿ ಬೀಳುತ್ತಿದೆ, ಅಲ್ಲಿಗೇ ಬಾ" ಎಂದರೆ ಆಟಗಾರರಿಗೆ ಅರ್ಥವಾಗುತ್ತದೆ. ಶೇಕಡಾವಾರು ಪಟ್ಟಿ ನಮ್ಮ ಹತ್ತಿರ ಇರಲಿ.

ಪಂದ್ಯ ಮುಗಿದ ರಾತ್ರಿಯೇ ಹಾಳೆಯ ಫೋಟೋ ಇಲ್ಲಿ ಹಾಕಿ.