ಪಂಚರ್ ಅಂಗಡಿಯ ಅಣ್ಣನಿಗೆ

ಅಣ್ಣಾ, ಅವಸರದಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಸುಮಾರು 680 ಕಿ.ಮೀ. ಸೈಕಲ್ ತುಳಿದು ಮುಟ್ಟಿದೆ. ಮುಟ್ಟಿದ್ದು ನಿಮ್ಮಿಂದ.

ತೊಪ್ಪೂರು ಘಾಟಿ, ಸೇಲಂ, ಮಧುರೈ ಎಲ್ಲ ಸಲೀಸಾಗಿ ದಾಟಿದ್ದೆ. ಕೋವಿಲ್‌ಪಟ್ಟಿ ಆದ ಮೇಲೆ ಹಿಂದಿನ ಟೈರ್ ಪಕ್ಕದಲ್ಲಿ ಸೀಳಿತು. ಟ್ಯೂಬ್ ಗುಳ್ಳೆ ಥರ ಹೊರಗೆ ಇಣುಕುತ್ತಿತ್ತು. ಬೇರೆ ಟೈರ್ ಇರಲಿಲ್ಲ. ನೀವು ಹಳೇ ಟೈರಿನಿಂದ ಎರಡು ಬೆರಳಗಲದ ತುಂಡು ಕತ್ತರಿಸಿದಿರಿ. ಅದರ ಅಂಚು ಉಜ್ಜಿ ತೆಳ್ಳಗೆ ಮಾಡಿ, ಸೀಳಿನ ಒಳಗೆ ಕೂರಿಸಿದಿರಿ. ಗಾಳಿ ತುಂಬಿ, ಚಕ್ರಕ್ಕೆ ಕಿವಿಯಿಟ್ಟು ಕೇಳಿದಿರಿ. ದುಡ್ಡು ಕೊಡಲು ಬಂದರೆ ಕೈ ಅಡ್ಡ ಹಿಡಿದು, "ಮೆದುವಾ ಪೋಂಗ" (ನಿಧಾನವಾಗಿ ಹೋಗಿ) ಅಂದಿರಿ ಅಷ್ಟೇ.

ಕಾರಿನಲ್ಲಿ ಹಿಂದೆ ಬರುತ್ತಿದ್ದ ನನ್ನ ಹೆಂಡತಿ, ಮಗಳಿಗೂ ನೆರಳಲ್ಲಿ ಬೆಂಚು ಹಾಕಿಕೊಟ್ಟಿರಿ. ಐದು ದಿನ ಬೆಳಗಿನ ನಾಲ್ಕಕ್ಕೆ ಎದ್ದು ರಾಗಿ ಅಂಬಲಿ ಮಾಡಿಕೊಟ್ಟವಳು ನನ್ನ ಹೆಂಡತಿ. ಸುಸ್ತಾಗಿದ್ದಳು ಪಾಪ. ನೀವದನ್ನು ಗಮನಿಸಿದಿರಲ್ಲ, ಅದು ನನಗೆ ಟೈರಿಗಿಂತ ಜಾಸ್ತಿ.

ಮುಪ್ಪಂದಲ್‌ನ ಗಾಳಿಯಂತ್ರಗಳ ನಡುವೆ ಅಡ್ಡಗಾಳಿ ಸೈಕಲನ್ನೇ ತಳ್ಳುತ್ತಿತ್ತು. ನಿಮ್ಮ ತುಂಡು ಕದಲಲಿಲ್ಲ. ಸಮುದ್ರ ಕಂಡಾಗ ಮಗಳು ಮೊದಲು ಮುಟ್ಟಿದ್ದು ಆ ಟೈರನ್ನೇ. ತುಂಬಾ ಥ್ಯಾಂಕ್ಸ್ ಅಣ್ಣಾ. ಮತ್ತೆ ಆ ದಾರಿಯಲ್ಲಿ ಬಂದಾಗ ಹೆಸರು ಕೇಳಿಯೇ ಹೋಗುತ್ತೇವೆ.